ಪ್ರೊಜೆಕ್ಟರ್‌ಗೆ ಲ್ಯಾಪ್‌ಟಾಪ್ ಜೋಡಿಸುವ ಮುನ್ನ

ಸಭಾಂಗಣದಲ್ಲಿ ಜನ ಸೇರಿದ ಮೇಲೆ ಕೇಬಲ್ ಹುಡುಕುತ್ತ ಕೂರಬೇಡಿ. ಅರ್ಧ ಗಂಟೆ ಮೊದಲೇ ಜೋಡಿಸಿ ನೋಡಿ. ಎಚ್‌ಡಿಎಂಐ ಕೇಬಲ್‌ನಲ್ಲಿ ಚಿತ್ರ, ಧ್ವನಿ ಎರಡೂ ಹರಿಯುತ್ತವೆ. ಹಳೆಯ ವಿಜಿಎ ಕೇಬಲ್‌ನಲ್ಲಿ ಬರುವುದು ಚಿತ್ರ ಮಾತ್ರ, ಧ್ವನಿಗೆ 3.5 ಮಿ.ಮೀ. ಆಡಿಯೊ ಕೇಬಲ್ ಬೇರೆ ಬೇಕು.

ಪರದೆಯ ಮೇಲೆ ‘ನೋ ಸಿಗ್ನಲ್’ ಎಂದು ಕಂಡರೆ ಗಾಬರಿ ಬೇಡ. ರಿಮೋಟ್‌ನ ‘ಸೋರ್ಸ್’ ಗುಂಡಿ ಒತ್ತಿ, ಕೇಬಲ್ ಸಿಕ್ಕಿಸಿದ ಪೋರ್ಟನ್ನೇ ಆರಿಸಿ. ಬಳಿಕ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಕೀಲಿಯ ಜೊತೆ ‘ಪಿ’ ಒತ್ತಿ ‘ಡೂಪ್ಲಿಕೇಟ್’ ಆಯ್ದರೆ ಎರಡೂ ಕಡೆ ಒಂದೇ ಚಿತ್ರ ಮೂಡುತ್ತದೆ. ಧ್ವನಿ ಲ್ಯಾಪ್‌ಟಾಪ್‌ನಲ್ಲೇ ಉಳಿದರೆ ಸೌಂಡ್ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ಬದಲಿಸಿ.

ಎಲ್ಲ ಯುಎಸ್‌ಬಿ-ಸಿ ಪೋರ್ಟ್‌ಗಳೂ ವಿಡಿಯೊ ಕಳಿಸುವುದಿಲ್ಲ. ಅಡಾಪ್ಟರ್ ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಿ. ಚಿತ್ರ ಕಳಿಸಲು ವೈಫೈಯನ್ನೇ ನೆಚ್ಚಿಕೊಂಡು ಹೊರಟರೂ ಚೀಲದಲ್ಲೊಂದು ಎಚ್‌ಡಿಎಂಐ ಕೇಬಲ್ ಇರಲಿ.