ಸಹಿ ಹಾಕಿದ ಕಾಗದ ಎಲ್ಲಮ್ಮಾ?

ಕಳೆದ ವರ್ಷ ಪರಿಹಾರಕ್ಕೆ ನೆರವು ಕೇಳಿ ನನ್ನ ಬಳಿ ಬಂದ ಹೆಣ್ಣುಮಗಳ ಪ್ಲಾಸ್ಟಿಕ್ ಚೀಲದಲ್ಲಿ ಗಂಡನ ಸ್ಕ್ಯಾನಿಂಗ್ ರಿಪೋರ್ಟು, ನರ್ಸಿಂಗ್ ಹೋಮಿನ ಬಿಲ್ಲು, ಮರಣ ಪ್ರಮಾಣಪತ್ರ ಎಲ್ಲ ಇತ್ತು. "ಹೊಸ ಔಷಧಿ, ದುಡ್ಡು ಬೇಡ ಅಂದ್ರು ಸಾರ್, ನಾಲ್ಕೈದು ಕಡೆ ಸೈನ್ ಹಾಕಿಸ್ಕೊಂಡ್ರು." ಆ ಕಾಗದ ಎಲ್ಲಮ್ಮಾ ಎಂದೆ. "ಫೈಲಲ್ಲೇ ಇರುತ್ತೆ ಅಂದ್ರು."

ಕ್ಯಾನ್ಸರ್ ರೋಗಿಗಳು ಕ್ಲಿನಿಕಲ್ ಟ್ರಯಲ್, ಅಂದರೆ ಹೊಸ ಔಷಧದ ಪ್ರಯೋಗ, ಸೇರುವುದು ತಪ್ಪಲ್ಲ. ಕೆಲವರಿಗೆ ಬೇರೆ ದಾರಿ ಉಳಿದಿರುವುದಿಲ್ಲ. ಆದರೆ ಕೈಗೆ ಕಾಗದ ಬರದೆ ಸೇರಬೇಡಿ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಮಾಹಿತಿ ಪತ್ರ ಮತ್ತು ಒಪ್ಪಿಗೆ ಪತ್ರದ ಪ್ರತಿಯನ್ನು ರೋಗಿಗೋ ಜೊತೆಯವರಿಗೋ ಕೊಡಲೇಬೇಕು. ಅದು ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಇಂಗ್ಲಿಷ್ ಹಾಳೆ ಮುಂದಿಟ್ಟು "ಇಲ್ಲಿ, ಇಲ್ಲಿ" ಎಂದು ಬೆರಳು ತೋರಿಸುವ ಸಿಬ್ಬಂದಿಗೆ ಈ ನಿಯಮ ಗೊತ್ತಿಲ್ಲವೆಂದು ನಾನಂತೂ ನಂಬುವುದಿಲ್ಲ. ಓದಲು ಬಾರದವರಾದರೆ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇರಬೇಕು; ವಾರ್ಡಿನ ಆಯಾ ಆಗುವುದಿಲ್ಲ.

ಸಹಿಗೆ ಮೊದಲು ಒಂದೇ ಪ್ರಶ್ನೆ ಕೇಳಿ: ನನಗೆ ಹೊಸ ಔಷಧವೇ ಸಿಗುತ್ತದೆಯೇ, ಇಲ್ಲ ಚೀಟಿ ಎತ್ತಿದ ಹಾಗೆ ಯಾವ ಗುಂಪಿಗೆ ಬೀಳುತ್ತೇನೋ ಆ ಗುಂಪಿನ ಚಿಕಿತ್ಸೆಯೇನಾ? ಆಮೇಲೆ, ರೋಗಿ ತೀರಿಕೊಂಡರೆ ಪರಿಹಾರ ಯಾರಿಗೆ ಎಂದು ಬರೆಯುವ ನಾಮಿನಿ ಜಾಗ ನೋಡಿ. ಅದು ಖಾಲಿಯಿದ್ದರೆ ಹೆಂಡತಿಯೋ ಮಗನೋ ಎಂಬ ಜಗಳ ಮುಂದೆ ನಮ್ಮ ಮೇಜಿಗೆ ಬರುತ್ತದೆ.

ಮನೆಯಲ್ಲಿ ಆ ಮಾಹಿತಿ ಪತ್ರದ ಹಾಳೆ ಇಲ್ಲದಿದ್ದರೆ ಏನಾಗುತ್ತದೆ? ರಾತ್ರಿ ಜ್ವರ ಏರಿ ವಾಂತಿ ನಿಲ್ಲದಿದ್ದಾಗ ಜನ ಊರಿನ ನರ್ಸಿಂಗ್ ಹೋಮಿಗೆ ಓಡುತ್ತಾರೆ. ಓಡಬೇಕಾದ್ದೇ. ಆದರೆ ಟ್ರಯಲ್ ವೈದ್ಯರ ನಂಬರು, ರೋಗಿಗಳ ಹಕ್ಕು ಕಾಯುವ ಎಥಿಕ್ಸ್ ಕಮಿಟಿಯ ನಂಬರು ಇರುವುದು ಆ ಹಾಳೆಯಲ್ಲೇ. ಗಂಭೀರ ಘಟನೆಯನ್ನು ವೈದ್ಯರು 24 ಗಂಟೆಯೊಳಗೆ ಕೇಂದ್ರ ಔಷಧ ನಿಯಂತ್ರಕರಿಗೂ ಕಂಪನಿಗೂ ಎಥಿಕ್ಸ್ ಕಮಿಟಿಗೂ ತಿಳಿಸಬೇಕು. ಅವರ ಕಿವಿಗೇ ಬೀಳದಿದ್ದರೆ ಏನನ್ನು ತಿಳಿಸುತ್ತಾರೆ? ಟ್ರಯಲ್‌ನಲ್ಲಿ ತೊಂದರೆಯಾದವರ ಚಿಕಿತ್ಸೆಯ ಖರ್ಚು ಔಷಧ ಕಂಪನಿಯದು, ತೊಂದರೆಗೆ ಟ್ರಯಲ್ ಕಾರಣವಲ್ಲ ಎಂದು ಸಾಬೀತಾಗುವವರೆಗೂ. ಅದು ಗೊತ್ತಿಲ್ಲದೆ ನಮ್ಮವರು ಒಡವೆ ಅಡವಿಟ್ಟು ಬಿಲ್ಲು ಕಟ್ಟಿಬಿಡುತ್ತಾರೆ.

ಪರಿಹಾರದ ಲೆಕ್ಕ 8 ಲಕ್ಷ ರೂಪಾಯಿಯ ಮೂಲ ಮೊತ್ತದಿಂದ ಶುರುವಾಗಿ ವಯಸ್ಸು, ಕಾಯಿಲೆಯ ಹಂತ ನೋಡಿ ಏರಿಳಿಯುತ್ತದೆ. 65 ದಾಟಿದ, ಆರು ತಿಂಗಳು ಬದುಕುವುದೇ ಹೆಚ್ಚು ಎನ್ನಲಾದ ರೋಗಿ ತೀರಿಕೊಂಡರೆ ಅದು 4 ಲಕ್ಷಕ್ಕೆ ಇಳಿಯುತ್ತದೆ. ಸೇರುವಾಗ ವೈದ್ಯರು ಹಂತ ಏನು ಬರೆದರೆಂದು ತಿಳಿದುಕೊಳ್ಳಿ. ಕ್ಯಾನ್ಸರಿನಿಂದಲೇ ಸಾವು ಬಂದಿದ್ದರೆ ಪರಿಹಾರವಿಲ್ಲ. ಆದರೆ ಲಭ್ಯವಿದ್ದ ಮಾಮೂಲು ಚಿಕಿತ್ಸೆ ಕೊಡದೆ, ಹೊಸ ಔಷಧವೂ ಕೆಲಸ ಮಾಡದೆ ಹೋಗಿದ್ದರೆ ಹಕ್ಕು ಉಂಟು. ಔಷಧ ನಿಯಂತ್ರಕರ ಆದೇಶ ಬಂದ 30 ದಿನದಲ್ಲಿ ಕಂಪನಿ ಹಣ ಕೊಡಬೇಕು. ಆ ಆದೇಶ ಬರುವವರೆಗೆ "ದೆಹಲಿಗೆ ಹೋಗಿದೆ" ಎಂಬ ಉತ್ತರ ಕೇಳಿ ಕೇಳಿ ನನಗೂ ಬೇಸರ ಬಂದಿದೆ.

"ನಾನು ಕೊಡಿಸ್ತೀನಿ, ಅರ್ಧ ನನಗೆ" ಎನ್ನುವವರು ಆಸ್ಪತ್ರೆ ಗೇಟಿನಲ್ಲೇ ಸಿಗುತ್ತಾರೆ. ಅವರಿಗೆ ಬಿಡಿಗಾಸೂ ಕೊಡಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. 15100ಕ್ಕೆ ಫೋನ್ ಮಾಡಿ.

ಟ್ರಯಲ್ ಬೇಡವೆನಿಸಿದರೆ ಯಾವಾಗ ಬೇಕಾದರೂ ಹೊರಬರಬಹುದು, ಕಾರಣ ಹೇಳಬೇಕಿಲ್ಲ. ಆದರೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಿ ಊರು ಸೇರಿಬಿಡಬೇಡಿ. ವೈದ್ಯರಿಗೆ ಹೇಳಿ, ಬರೆದು ಕೊಟ್ಟು, ಅದಕ್ಕೂ ಒಂದು ಪ್ರತಿ ಇಟ್ಟುಕೊಳ್ಳಿ.

ಆ ಹೆಣ್ಣುಮಗಳ ಅರ್ಜಿ ಎಥಿಕ್ಸ್ ಕಮಿಟಿಯ ಮುಂದಿದೆ. ನಾಮಿನಿ ಜಾಗದಲ್ಲಿ ಏನು ಬರೆದಿದೆಯೋ, ನಾವಿನ್ನೂ ನೋಡಿಲ್ಲ.