ಪಾಷಾಣ ಔಷಧವಾಗುವ ಬಗೆ: ರಕ್ತ ಕ್ಯಾನ್ಸರಿನ ಒಂದು ಜೋಡಿ ಚಿಕಿತ್ಸೆ

ರಕ್ತ ಕ್ಯಾನ್ಸರ್ ಎಂಬುದು ಒಂದು ರೋಗದ ಹೆಸರಲ್ಲ, ಹಲವು ರೋಗಗಳ ಗುಂಪಿನ ಹೆಸರು. ಅವುಗಳಲ್ಲಿ ಕೆಲವಕ್ಕೆ ದಿನನಿತ್ಯದ ಮಾತ್ರೆ ಸಾಕಾಗುತ್ತದೆ. ಕೆಲವಕ್ಕೆ ಬೇರೊಬ್ಬರ ಅಸ್ಥಿಮಜ್ಜೆಯನ್ನೇ ಪಡೆಯಬೇಕಾಗುತ್ತದೆ. ಈ ತಿಂಗಳು ನಾವು ವಿಚಾರ ಮಾಡಲಿರುವುದು ಆ ಗುಂಪಿನ ಅಕ್ಯೂಟ್ ಪ್ರೊಮೈಲೋಸಿಟಿಕ್ ಲ್ಯುಕೇಮಿಯಾ ಎಂಬ ಒಂದೇ ರೋಗವನ್ನು. ವೈದ್ಯರು ಇದನ್ನು ಎಪಿಎಲ್ ಎಂದು ಚಿಕ್ಕದಾಗಿ ಕರೆಯುತ್ತಾರೆ. ಆಯುರ್ವೇದ ವೈದ್ಯನಾದ ನಾನು ಇದನ್ನು ಆರಿಸಿಕೊಳ್ಳಲು ಕಾರಣವುಂಟು. ಇದರ ಚಿಕಿತ್ಸೆಗೆ ಬಳಸುವ ಎರಡು ಔಷಧಗಳಲ್ಲಿ ಒಂದು, ನಮ್ಮ ರಸಶಾಸ್ತ್ರವು ಗೌರೀಪಾಷಾಣವೆಂದು ಹೇಳುವ ದ್ರವ್ಯ. ಜನ ಸೋಮಲವೆಂದೂ ಶಂಖಪಾಷಾಣವೆಂದೂ ಕರೆದು ಅಂಜುವುದು ಇದಕ್ಕೇ. ರಸಾಯನಶಾಸ್ತ್ರದ ಹೆಸರು ಆರ್ಸೆನಿಕ್ ಟ್ರೈಆಕ್ಸೈಡ್. ಈ ಸಂಗತಿ ಮೊಬೈಲುಗಳಲ್ಲಿ ಹರಿದಾಡತೊಡಗಿದ ಮೇಲೆ, “ಹಾಗಿದ್ದರೆ ಆಸ್ಪತ್ರೆಗೇಕೆ ಅಲೆಯಬೇಕು, ನೀವೇ ಕೊಡಬಾರದೇ?” ಎಂದು ಕೇಳುವವರು ಹೆಚ್ಚಾಗಿದ್ದಾರೆ. ಕೊಡಲಾಗದು. ಏಕೆಂಬುದನ್ನು ವಿವರವಾಗಿ ತಿಳಿಸುವುದು ಅಗತ್ಯವೆನಿಸಿತು.

ಮೊದಲು ರೋಗದ ಸ್ವರೂಪ. ಅಸ್ಥಿಮಜ್ಜೆಯಲ್ಲಿ ಬಿಳಿ ರಕ್ತಕಣಗಳು ಹಂತಹಂತವಾಗಿ ಬಲಿಯುತ್ತವೆ. ಆ ದಾರಿಯ ನಡುವಿನ ಒಂದು ಹಂತಕ್ಕೆ ಪ್ರೊಮೈಲೋಸೈಟ್ ಎಂದು ಹೆಸರು. ಒಂದು ಕಣದಲ್ಲಿ 15ನೆಯ ಮತ್ತು 17ನೆಯ ವರ್ಣತಂತುಗಳ ತುಂಡುಗಳು ಪರಸ್ಪರ ಅದಲುಬದಲಾಗಿ, ಇರಬಾರದ ಒಂದು ಪ್ರೋಟೀನ್ ಹುಟ್ಟುತ್ತದೆ. ಅದು ಇರುವವರೆಗೆ ಕಣಗಳು ಮುಂದಕ್ಕೆ ಬಲಿಯದೆ ಎಳೆತನದಲ್ಲೇ ಉಳಿದು ಮಜ್ಜೆಯನ್ನೆಲ್ಲ ತುಂಬಿಕೊಳ್ಳುತ್ತವೆ. ಇಷ್ಟೇ ಆಗಿದ್ದರೆ ಇದು ಇತರ ರಕ್ತ ಕ್ಯಾನ್ಸರುಗಳಂತೆಯೇ ಇರುತ್ತಿತ್ತು. ಆದರೆ ಈ ಎಳೆಯ ಕಣಗಳು ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುತ್ತವೆ. ಜೊತೆಗೆ ಪ್ಲೇಟ್‌ಲೆಟ್ಟುಗಳೂ ಇಳಿದಿರುತ್ತವೆ. 1957ರಲ್ಲಿ ನಾರ್ವೆಯ ಹಿಲ್ಲೆಸ್ಟಾಡ್ ಎಂಬ ವೈದ್ಯರು ಇದನ್ನು ಪ್ರತ್ಯೇಕ ರೋಗವಾಗಿ ಗುರುತಿಸಿದಾಗ, ರಕ್ತಸ್ರಾವದಿಂದ ಕೆಲವೇ ವಾರಗಳಲ್ಲಿ ಪ್ರಾಣ ತೆಗೆಯುವ ಅತ್ಯಂತ ಘೋರ ರೂಪವೆಂದು ವರ್ಣಿಸಿದ್ದರು. ಇಂದಿಗೂ ಈ ರೋಗದಿಂದ ಸಾಯುವವರಲ್ಲಿ ಹೆಚ್ಚಿನವರು ಮೊದಲ ದಿನಗಳಲ್ಲೇ, ಬಹುಪಾಲು ಮೆದುಳಿನಲ್ಲಿ ರಕ್ತ ಸೋರಿ, ತೀರಿಕೊಳ್ಳುತ್ತಾರೆ.

ಇಲ್ಲಿ ನಮ್ಮ ವೃತ್ತಿಯವರಿಗೂ ಒಂದು ಮಾತು. ಒಸಡಿನ ರಕ್ತಸ್ರಾವ, ಮೂಗಿನಿಂದ ರಕ್ತ, ಪೆಟ್ಟು ಬೀಳದೆಯೇ ಮೈಮೇಲೆ ನೀಲಿ ಕಲೆ, ಸ್ತ್ರೀಯರಲ್ಲಿ ನಿಲ್ಲದ ಮುಟ್ಟು: ಇವುಗಳೊಂದಿಗೆ ಬಂದವರಿಗೆ ರಕ್ತಪಿತ್ತವೆಂದು ಹೆಸರಿಟ್ಟು, ಉಷ್ಣವೆಂದು ಗುಲ್ಕನ್ ಬರೆದುಕೊಟ್ಟು ವಾರ ಬಿಟ್ಟು ಬನ್ನಿ ಎನ್ನುವುದು ಸಲ್ಲದು. ಅದೇ ದಿನ ರಕ್ತಕಣಗಳ ಎಣಿಕೆ ಮಾಡಿಸಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಆಗುವ ಸಾಧಾರಣ ಪರೀಕ್ಷೆಯದು. ಎಪಿಎಲ್ ಎಂಬ ಸಂದೇಹ ಬಂದರೆ ಸಾಕು, ವರ್ಣತಂತುವಿನ ವರದಿಗೆ ಕಾಯದೆ ಅಂದೇ ಮೊದಲ ಔಷಧವನ್ನು ಪ್ರಾರಂಭಿಸಬೇಕೆಂಬುದು ಈಗ ಎಲ್ಲೆಡೆ ಒಪ್ಪಿತವಾದ ಕ್ರಮ.

ಆ ಮೊದಲ ಔಷಧ ಆಲ್-ಟ್ರಾನ್ಸ್ ರೆಟಿನೋಯಿಕ್ ಆಮ್ಲ. ಆಸ್ಪತ್ರೆಯಲ್ಲಿ ಇದಕ್ಕೆ ಆಟ್ರಾ ಎನ್ನುತ್ತಾರೆ. ಇದು ‘ಎ’ ಜೀವಸತ್ವದ ಬಳಗಕ್ಕೆ ಸೇರಿದ್ದು. ಶಾಂಘೈ ನಗರದ ವಾಂಗ್ ಝೆನ್ಯಿ ಎಂಬ ವೈದ್ಯರು 1985ರಲ್ಲಿ ಬೇರೆ ದಾರಿಯೇ ಉಳಿದಿರದ ಐದು ವರ್ಷದ ಬಾಲಕಿಯೊಬ್ಬಳಿಗೆ ಇದನ್ನು ಕೊಟ್ಟರು, ಮಗು ಚೇತರಿಸಿಕೊಂಡಿತು. 1988ರಲ್ಲಿ ಅವರ ತಂಡ 24 ರೋಗಿಗಳ ವಿವರ ಪ್ರಕಟಿಸಿತು. ಕಣಗಳನ್ನು ಕೊಲ್ಲದೆ, ಅವು ಬಲಿಯುವಂತೆ ಮಾಡಿ ರೋಗ ತಗ್ಗಿಸುವ ಈ ರೀತಿ ಅಂದಿಗೆ ಹೊಸದು.

ಪಾಷಾಣದ ಕಥೆ ಅದಕ್ಕಿಂತ ಹಿಂದಿನದು. ಈಶಾನ್ಯ ಚೀನಾದ ಹಳ್ಳಿಯೊಂದರಲ್ಲಿ ನಾಟಿ ವೈದ್ಯರೊಬ್ಬರು ಸೋಮಲ, ಪಾದರಸದ ಲವಣ ಮತ್ತು ಕಪ್ಪೆಯ ವಿಷ ಸೇರಿಸಿ ಔಷಧ ಕೊಡುತ್ತಿದ್ದರು. 1970ರ ದಶಕದ ಆರಂಭದಲ್ಲಿ ಹಾರ್ಬಿನ್ ನಗರದ ಝಾಂಗ್ ಟಿಂಗ್‌ಡಾಂಗ್ ಮತ್ತು ಅವರ ಸಹೋದ್ಯೋಗಿಗಳು ಆ ಯೋಗವನ್ನು ಬಿಡಿಸಿ ಪರೀಕ್ಷಿಸಿದರು. ಪಾದರಸ ಮೂತ್ರಪಿಂಡಕ್ಕೆ ಕೇಡು, ಕಪ್ಪೆಯ ವಿಷದಿಂದ ರಕ್ತದೊತ್ತಡ ಏರುತ್ತದೆ, ಗುಣವೆಲ್ಲ ಸೋಮಲದ್ದು ಎಂದು ಅವರಿಗೆ ತಿಳಿಯಿತು. ಉಳಿದೆರಡನ್ನೂ ಬಿಟ್ಟರು. ಪರಂಪರೆಯ ಯೋಗವನ್ನು ಗೌರವದಿಂದಲೇ ಬಿಚ್ಚಿ ನೋಡಿದ ಆ ಧೈರ್ಯ ನನಗೆ ಮೆಚ್ಚುಗೆಯಾದದ್ದು. ನಮ್ಮ ಮಲ್ಲಸಿಂಧೂರದಲ್ಲಿ ಸೋಮಲದ ಜೊತೆಗೆ ಪಾದರಸವೂ ಇದೆ ಎಂಬುದನ್ನು ಓದುಗರು ಇಲ್ಲಿ ನೆನಪಿಡಬೇಕು.

ಆ ಹಾನಿಕರ ಪ್ರೋಟೀನಿಗೆ ಎರಡು ಭಾಗಗಳುಂಟು. ಆಟ್ರಾ ಒಂದು ಭಾಗವನ್ನು ಹಿಡಿಯುತ್ತದೆ, ಪಾಷಾಣ ಇನ್ನೊಂದನ್ನು. ಎರಡೂ ಸೇರಿ ಅದನ್ನು ಒಡೆದು ಹಾಕುತ್ತವೆ. ಸಾಮಾನ್ಯ ಕೀಮೋಥೆರಪಿ ಇಲ್ಲದೆ ಈ ಜೋಡಿಯೊಂದೇ ಸಾಕೇ ಎಂಬ ಪ್ರಶ್ನೆಗೆ ಇಟಲಿ ಮತ್ತು ಜರ್ಮನಿಯ ವೈದ್ಯರ ಅಧ್ಯಯನ 2013ರಲ್ಲಿ ಉತ್ತರ ಕೊಟ್ಟಿತು. ಬಿಳಿ ಕಣಗಳ ಸಂಖ್ಯೆ ಹತ್ತು ಸಾವಿರ ಮೀರದ ರೋಗಿಗಳಲ್ಲಿ, ಎರಡು ವರ್ಷಗಳ ನಂತರ ರೋಗ ಮರುಕಳಿಸದೆ, ಚಿಕಿತ್ಸೆ ವಿಫಲವಾಗದೆ ಬದುಕಿದ್ದವರು ಜೋಡಿ ಔಷಧ ಪಡೆದವರಲ್ಲಿ ಶೇಕಡಾ 97. ಆಟ್ರಾದೊಂದಿಗೆ ಕೀಮೋಥೆರಪಿ ಪಡೆದವರಲ್ಲಿ ಶೇಕಡಾ 86. ಬಿಳಿ ಕಣಗಳು ಅದಕ್ಕಿಂತ ಹೆಚ್ಚಿದ್ದವರಿಗೆ ಮೊದಲಲ್ಲಿ ಇನ್ನೊಂದು ಔಷಧ ಸೇರಿಸುತ್ತಾರೆ. ನಮ್ಮವರು ಅನೇಕರು ಚಿಕಿತ್ಸೆಗೆ ಹೋಗುವ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1998ರಿಂದಲೇ ಪಾಷಾಣವೊಂದನ್ನೇ ಕೊಟ್ಟು ಹೊಸ ರೋಗಿಗಳಿಗೆ ಚಿಕಿತ್ಸೆ ಮಾಡಿ, ಒಳ್ಳೆಯ ಫಲ ಕಂಡು 2006ರಲ್ಲಿ ಪ್ರಕಟಿಸಿದ್ದರು.

ಹಾಗಾದರೆ ಶೋಧಿಸಿದ ಪಾಷಾಣ ನಮ್ಮಲ್ಲೂ ಇದೆಯಲ್ಲ? ಇದೆ. ಹಾಗಲಕಾಯಿಯೊಳಗಿಟ್ಟು ಬೇಯಿಸಿ ಶೋಧಿಸುವ ವಿಧಾನವನ್ನು ನಾವು ಓದಿ ಬಂದಿದ್ದೇವೆ. ಆದರೆ ಆಸ್ಪತ್ರೆಯಲ್ಲಿ ಕೊಡುವುದು ದೇಹದ ತೂಕದ ಒಂದು ಕಿಲೋಗ್ರಾಮಿಗೆ 0.15 ಮಿಲಿಗ್ರಾಂ, ಅರವತ್ತು ಕಿಲೋ ತೂಕದವರಿಗೆ ದಿನಕ್ಕೆ 9 ಮಿಲಿಗ್ರಾಂ. ಅದನ್ನು ದ್ರವದಲ್ಲಿ ಕರಗಿಸಿ ಸುಮಾರು ಎರಡು ಗಂಟೆ ಕಾಲ ರಕ್ತನಾಳಕ್ಕೆ ಹನಿಸುತ್ತಾರೆ. ಮತ್ತೆ ಮತ್ತೆ ಇಸಿಜಿ ತೆಗೆಯುತ್ತಾರೆ, ರಕ್ತದ ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ನೋಡುತ್ತಾರೆ. ಏಕೆಂದರೆ ಪಾಷಾಣವು ಹೃದಯದ ವಿದ್ಯುತ್ ಲಯವನ್ನು ಏರುಪೇರು ಮಾಡಬಲ್ಲದು. ಯುಕ್ತಿಯಿಂದ ಬಳಸಿದ ವಿಷವೂ ಔಷಧವಾಗಬಲ್ಲದೆಂದು ಚರಕರ ಅಭಿಪ್ರಾಯ. ಇಂದಿನ ಈ ಚಿಕಿತ್ಸೆಯಲ್ಲಿ ಆ ಯುಕ್ತಿ ಇರುವುದು ತಕ್ಕಡಿಯಲ್ಲಿ, ಇಸಿಜಿಯಲ್ಲಿ, ರಕ್ತಪರೀಕ್ಷೆಯಲ್ಲಿ. ಇವಿಲ್ಲದೆ ಪಾಷಾಣ ಪಾಷಾಣವೇ. ಇತರ ರಕ್ತ ಕ್ಯಾನ್ಸರುಗಳಲ್ಲಿ ಆ ವಿಶಿಷ್ಟ ಪ್ರೋಟೀನೇ ಇರುವುದಿಲ್ಲವಾದ್ದರಿಂದ, “ರಕ್ತ ಕ್ಯಾನ್ಸರಿಗೆ ಸೋಮಲ” ಎಂದು ಎಲ್ಲರಿಗೂ ಹೇಳುವವರ ಮಾತು ಅಪಾಯಕಾರಿ.

ಇನ್ನು ಈ ಚಿಕಿತ್ಸೆಯನ್ನು ಬಾಳಿ ದಾಟುವ ಬಗೆ. ನಮ್ಮ ಭಾಗದ ಪ್ರಾಥಮಿಕ ಶಾಲಾ ಶಿಕ್ಷಕಿಯೊಬ್ಬರು ಇದನ್ನು ಪೂರೈಸಿದ್ದಾರೆ. ಅವರೂ ಅವರ ಯಜಮಾನರೂ ಆಗಾಗ ನನ್ನಲ್ಲಿಗೆ ಬಂದು ಸಂದೇಹ ಕೇಳುತ್ತಿದ್ದರು. ಮೊದಲ ನಾಲ್ಕೈದು ವಾರ ಆಸ್ಪತ್ರೆಯಲ್ಲೇ ವಾಸ. ಔಷಧ ಶುರುವಾದ ಮೇಲೆ ಬಿಳಿ ಕಣಗಳು ಇಳಿಯುವ ಬದಲು ಏರಿದ್ದನ್ನು ಕಂಡು ಮನೆಯವರೆಲ್ಲ ಗಾಬರಿಯಾದರಂತೆ. ಎಳೆಯ ಕಣಗಳು ಬಲಿತು ಹೊರಬರುವಾಗ ಇದು ಆಗುವುದುಂಟು. ಆದರೆ ಅದರ ಜೊತೆಗೆ ಜ್ವರ, ಉಬ್ಬಸ, ಕಾಲೂತ, ಒಂದೆರಡು ದಿನಗಳಲ್ಲೇ ತೂಕದ ಏರಿಕೆ ಕಂಡರೆ ತಡಮಾಡದೆ ಹೇಳಬೇಕು. ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡನ್ನು ಕೂಡಲೇ ಕೊಟ್ಟರೆ ಅದು ಹಿಡಿತಕ್ಕೆ ಬರುತ್ತದೆ. ದಿನವೂ ಬೆಳಗ್ಗೆ ತೂಕ ನೋಡಿ ಬರೆದಿಡುವ ಕೆಲಸವನ್ನು ಯಜಮಾನರು ವಹಿಸಿಕೊಂಡಿದ್ದರು. ಆಟ್ರಾದಿಂದ ತುಟಿ, ಚರ್ಮ ಒಣಗುತ್ತವೆ, ತಲೆನೋವು ಸಾಮಾನ್ಯ. ತಲೆನೋವಿನೊಂದಿಗೆ ದೃಷ್ಟಿ ಮಸುಕಾದರೆ ಮಾತ್ರ ಅದನ್ನು ಸಾಮಾನ್ಯವೆನ್ನಬಾರದು.

ಕೂದಲು ಅವರಿಗೆ ಉದುರಲಿಲ್ಲ. ಈ ಜೋಡಿಯಲ್ಲಿ ಸಾಮಾನ್ಯವಾಗಿ ಉದುರುವುದಿಲ್ಲ. ನೋಡಲು ಬಂದ ನೆಂಟರು, “ಕೂದಲೇ ಹೋಗಿಲ್ಲ, ಇದೆಂಥ ಕ್ಯಾನ್ಸರ್?” ಎಂದು ಪಿಸುಗುಟ್ಟಿದ್ದು ರೋಗಕ್ಕಿಂತ ಹೆಚ್ಚು ನೋಯಿಸಿತೆಂದು ಆಕೆ ಹೇಳಿದರು. ನೋವು ಒಂದು ಕಡೆ. ಅಂಥ ಮಾತಿನಿಂದ ಇನ್ನೊಂದು ಹಾನಿಯುಂಟು. ಮಜ್ಜೆಯ ವರದಿ ಶುದ್ಧವಾಗಿ ಬಂದಾಗ, “ಗುಣವಾಯಿತಲ್ಲ, ಇನ್ನೇಕೆ ಬೆಂಗಳೂರಿಗೆ ಹೋಗಿಬರುವುದು?” ಎಂದು ಮನೆಯಲ್ಲಿ ಚರ್ಚೆಯೆದ್ದಿತು. ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಕೆಟ್ಟ ಕಣಗಳು ಆಗಲೂ ಉಳಿದಿರುತ್ತವೆ. ಅದಕ್ಕಾಗಿ ನಾಲ್ಕು ವಾರ, ವಾರಕ್ಕೆ ಐದು ದಿನ ಪಾಷಾಣ, ಮುಂದಿನ ನಾಲ್ಕು ವಾರ ಬಿಡುವು, ಹೀಗೆ ನಾಲ್ಕು ಆವರ್ತನ. ಆಟ್ರಾ ಎರಡು ವಾರ ಉಂಟು, ಎರಡು ವಾರ ಇಲ್ಲ, ಹೀಗೆ ಏಳು ಆವರ್ತನ. ಒಟ್ಟು ಎಂಟು ತಿಂಗಳ ಹತ್ತಿರದ ವ್ರತವಿದು. ದೂರದ ಊರಿನವರು ಆಸ್ಪತ್ರೆಯ ಬಳಿ ಕೋಣೆ ಹಿಡಿಯುವುದು, ರಜೆಯ ಏರ್ಪಾಡು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತಮಗೇನು ದೊರೆಯುತ್ತದೆಂಬ ವಿಚಾರಣೆ, ಇವನ್ನೆಲ್ಲ ಮೊದಲೇ ಮಾಡಿಟ್ಟುಕೊಳ್ಳುವುದು ಮೇಲು. ಈ ಅವಧಿಯಲ್ಲಿ ಗರ್ಭ ನಿಲ್ಲಕೂಡದು. ಎರಡೂ ಔಷಧಗಳು ಭ್ರೂಣಕ್ಕೆ ಮಾರಕ.

ಯಜಮಾನರು ಒಮ್ಮೆ ಕೇಳಿದ್ದು, “ಡಾಕ್ಟ್ರೇ, ದೇಹ ತಂಪಾಗಲು ಒಂದು ಕಷಾಯವನ್ನಾದರೂ ಕೊಡಿ” ಎಂದು. ಕೊಡಲಿಲ್ಲ. ಕೆಮ್ಮಿನ ಕಷಾಯದಲ್ಲಿರುವ ಜ್ಯೇಷ್ಠಮಧು ರಕ್ತದ ಪೊಟ್ಯಾಸಿಯಂ ಇಳಿಸುತ್ತದೆ, ವಿರೇಚನವೂ ಇಳಿಸುತ್ತದೆ. ಪಾಷಾಣ ಹರಿಯುತ್ತಿರುವ ದೇಹದಲ್ಲಿ ಪೊಟ್ಯಾಸಿಯಂ ಇಳಿದರೆ ಹೃದಯದ ಲಯ ತಪ್ಪುವ ಭಯ. ಅಂಗಡಿಯಿಂದ ತಂದು ನುಂಗುವ ಅಜಿತ್ರೋಮೈಸಿನ್‌ನಂಥ ಮಾತ್ರೆಗಳಿಂದಲೂ ಇದೇ ಭಯ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ಬಗ್ಗೆ ಮುಂಬಯಿಯ ವೈದ್ಯರು 2021ರಲ್ಲಿ ವರದಿ ಪ್ರಕಟಿಸಿದರು. ಅದರ ಬಗ್ಗೆ ನಮ್ಮವರಲ್ಲಿ ವಾದವಿದೆ, ಇರಲಿ. ಆಟ್ರಾ ಮತ್ತು ಪಾಷಾಣ ಎರಡೂ ಯಕೃತ್ತಿನ ಪರೀಕ್ಷೆಯ ಅಂಕಿಗಳನ್ನು ಏರಿಸುವಂಥವು. ನಡುವೆ ನನ್ನದೊಂದು ಕಷಾಯವೂ ಇದ್ದರೆ, ಏರಿದ್ದು ಯಾವುದರಿಂದ ಎಂದು ಕ್ಯಾನ್ಸರ್ ವೈದ್ಯರು ಹೇಗೆ ತಿಳಿದಾರು? ತಿಳಿಯದೆ ಬೇಕಾದ ಔಷಧವನ್ನೇ ನಿಲ್ಲಿಸಬೇಕಾದೀತು. ‘ಎ’ ಜೀವಸತ್ವದ ಮಾತ್ರೆ, ಮೀನೆಣ್ಣೆಗಳೂ ಬೇಡ. ಊಟದಲ್ಲಿನ ನುಗ್ಗೆಸೊಪ್ಪು, ಗಜ್ಜರಿಗಳಿಗೆ ಅಡ್ಡಿಯಿಲ್ಲ.

ಭಕ್ತರು ಕೇಳುವ ಬೇರೆ ಎರಡು ಪ್ರಶ್ನೆಗಳು. ಶ್ರಾವಣ ಸೋಮವಾರದ ಉಪವಾಸ ಮಾಡಬಹುದೇ? ಆಟ್ರಾವನ್ನು ದಿನಕ್ಕೆರಡು ಸಲ ಆಹಾರದೊಂದಿಗೆ ಸೇವಿಸಬೇಕು, ಆದ್ದರಿಂದ ಚಿಕಿತ್ಸೆ ಮುಗಿಯುವವರೆಗೆ ಉಪವಾಸ ಬೇಡ. ಕಣಗಳು ಕಡಿಮೆಯಿರುವ ವಾರಗಳಲ್ಲಿ ಜಾತ್ರೆಗೂ ದಾಸೋಹದ ಪಂಕ್ತಿಗೂ ಬರುವುದು ಬೇಡ. ಮನೆಯಲ್ಲಿ ಆಗಷ್ಟೇ ಮಾಡಿದ ಬಿಸಿ ಅಡುಗೆಯೇ ಒಳ್ಳೆಯದು. ಲಿಂಗಪೂಜೆಗೆ ಎಡ ಅಂಗೈ ಬೇಕು, ಸೂಜಿಯನ್ನೂ ಅದೇ ಕೈಗೆ ಹಾಕುತ್ತಾರೆ ಎಂದು ಆ ಶಿಕ್ಷಕಿ ಸಂಕಟಪಡುತ್ತಿದ್ದರು. ನರ್ಸಮ್ಮನಿಗೆ ಹೇಳಿದೊಡನೆ ಬಲ ಮುಂಗೈಗೆ ಹಾಕಿದರು. ಕೇಳದೆ ತಿಂಗಳು ಕಳೆದಿದ್ದರು, ಅಷ್ಟೆ.

ಚಿಕಿತ್ಸೆಯ ನಂತರ ಆ ಪ್ರೋಟೀನಿನ ಜಾಡು ರಕ್ತದಲ್ಲಾಗಲಿ ಮಜ್ಜೆಯಲ್ಲಾಗಲಿ ಉಳಿದಿದೆಯೇ ಎಂದು ಪಿಸಿಆರ್ ಪರೀಕ್ಷೆ ಮಾಡುತ್ತಾರೆ. ಕರೆದ ದಿನ ತಪ್ಪದೆ ಹೋಗಬೇಕು. ಪಾಷಾಣದಿಂದ ಕೆಲವರಿಗೆ ಪಾದಗಳಲ್ಲಿ ಜೋಮು, ಉರಿ ಉಳಿಯುತ್ತದೆ. ನಮ್ಮ ಸರದಿ ಬರುವುದು ಇಲ್ಲಿ. ರಾತ್ರಿ ಮಲಗುವ ಮುನ್ನ, ಗಾಯವಿಲ್ಲದ ಪಾದಗಳಿಗೆ, ಉಗುರುಬೆಚ್ಚಗಿನ ಎಳ್ಳೆಣ್ಣೆಯಿಂದ ಮೃದುವಾದ ಅಭ್ಯಂಗ. ಅದಕ್ಕೆ ಬರುವಾಗಲೂ ಕ್ಯಾನ್ಸರ್ ವೈದ್ಯರ ಒಪ್ಪಿಗೆಯನ್ನೂ ಆಸ್ಪತ್ರೆಯ ಕಡತವನ್ನೂ ಜೊತೆಗೆ ತನ್ನಿ.