ಉರಿಯೂತ ಮತ್ತು ಯಕೃತ್ತಿನ ಕಿಣ್ವಗಳು

ದೊಡ್ಡಉಳ್ಳಾರ್ತಿಯಲ್ಲಿ ದಮ್ಮಿಗೆ ಥಿಯೋಫಿಲಿನ್ ಮಾತ್ರೆ ನುಂಗುವ ಅಜ್ಜನೊಬ್ಬನಿಗೆ ಫ್ಲೂ ಜ್ವರ ಬಂತೆನ್ನಿ. ಮಾತ್ರೆ ಅದೇ, ಅಳತೆಯೂ ಅದೇ. ಆದರೂ ವಾಕರಿಕೆ, ಕೈನಡುಕ, ಎದೆ ಡವಡವ. ಜ್ವರದ ಸುಸ್ತೆಂದು ಮನೆಯವರು ಸುಮ್ಮನಿರಬಾರದು; ರಕ್ತದಲ್ಲಿ ಔಷಧಿಯ ಮಟ್ಟ ಏರಿರಬಹುದು.

ಕಾರಣ ಯಕೃತ್ತಿನಲ್ಲಿದೆ. ಔಷಧಿಯನ್ನು ಒಡೆದು ಹೊರಹಾಕಲು ನೆರವಾಗುವುದು ಸೈಟೋಕ್ರೋಮ್ ಪಿ450 ಕಿಣ್ವಗಳು, ಅಂದರೆ ಸಿವೈಪಿ. ಥಿಯೋಫಿಲಿನ್‌ಗೆ ಮುಖ್ಯವಾಗಿ ಸಿವೈಪಿ1ಎ2. ಅತಿ ಹೆಚ್ಚು ಔಷಧಿಗಳ ಹೊಣೆ ಸಿವೈಪಿ3ಎ4ರದು. ಸೋಂಕಾದಾಗ ರೋಗನಿರೋಧಕ ಕೋಶಗಳು ಇಂಟರ್‌ಲ್ಯೂಕಿನ್-6 ಸ್ರವಿಸುತ್ತವೆ. ಅದರ ಸಂಕೇತ ತಲುಪಿದಾಗ ಯಕೃತ್ತಿನ ಕೋಶ ಸಿ-ರಿಯಾಕ್ಟಿವ್ ಪ್ರೋಟೀನ್ ತಯಾರಿಕೆ ಹೆಚ್ಚಿಸಿ, ಸಿವೈಪಿ ತಯಾರಿಕೆ ತಗ್ಗಿಸುತ್ತದೆ.

ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಮಾನವ ಯಕೃತ್ತಿನ ಕೋಶಗಳಿಗೆ ಇಂಟರ್‌ಲ್ಯೂಕಿನ್-6 ಸೇರಿಸಿದರೂ ಇದೇ ಇಳಿತ ಕಾಣುತ್ತದೆ. ಟೋಸಿಲಿಜುಮ್ಯಾಬ್ ಎಂಬ ಔಷಧಿಯಿಂದ ಇಂಟರ್‌ಲ್ಯೂಕಿನ್-6ರ ಗ್ರಾಹಕವನ್ನು ತಡೆದರೆ ಕಿಣ್ವ ಚೇತರಿಸಿಕೊಳ್ಳುತ್ತದೆ. ಪ್ರಯೋಗಕ್ಕೆ ಕೋಶ ಆರಿಸುವಾಗ ಎಡವಬಾರದು: ಹೆಪ್‌ಜಿ2 ಕ್ಯಾನ್ಸರ್ ಗೆಡ್ಡೆಯಿಂದ ಬಂದ ಕೋಶಸಾಲು, ಅದರಲ್ಲಿ ಸಿವೈಪಿ ಮೊದಲೇ ಕಡಿಮೆ. ಈ ಅಧ್ಯಯನಕ್ಕೆ ಹೆಪಾಆರ್‌ಜಿ ಎಂಬ ಇನ್ನೊಂದು ಕೋಶಸಾಲು ಮೇಲು.

ಪ್ರಯೋಗಾಲಯದ ಮಾದರಿಗಳು ತಟ್ಟೆಯ ಕೋಶಗಳಿಗಷ್ಟೇ ಸೀಮಿತವಲ್ಲ: 2015ರಲ್ಲಿ ಬೆಂಗಳೂರಿನ ಪಂಡೋರಮ್ ಟೆಕ್ನಾಲಜೀಸ್ 3ಡಿ ಮುದ್ರಣದಿಂದ ಯಕೃತ್ತಿನ ಅಂಗಾಂಶ ತಯಾರಿಸಿತು.